ಪೆಟ್ಟಿಗೆಯ ಅಧ್ಯಾಯ

ಮೊದಲನೆಯದೊಂದು ಬಿಟ್ಟು ನಮ್ಮ ಮಾವನ ಪುಸ್ತಕಗಳಲ್ಲಿರುವ ಪ್ರತಿಯೊಂದು ಜಾದೂವನ್ನೂ ಮೊದಲು ಮಾಡಿ ನೋಡಿದವಳು ನಾನು. ನನ್ನ ಕೈ ಅಷ್ಟು ಚುರುಕು ಅಂತಲ್ಲ. ನಮ್ಮ ಮನೆತನದಲ್ಲೇ ನನ್ನಷ್ಟು ಒಡ್ಡುಗೈ ಇನ್ನೊಬ್ಬರದಿಲ್ಲ. ನಾನು ಗಾಜಿನ ಲೋಟ ತೊಳೆಯಲು ಹೋದರೆ ಅಮ್ಮ ಮೊದಲೇ ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಮಾವ ನನ್ನನ್ನು ಆರಿಸಿಕೊಂಡದ್ದೇ ಅದಕ್ಕೆ. "ಪುಟ್ಟಿ, ನಿನ್ನ ಕೈಲಿ ಆದ್ರೆ ಲೋಕದಲ್ಲಿ ಯಾರ ಕೈಲಾದ್ರೂ ಆಗುತ್ತೆ" ಅಂದರು. ಹೊಗಳಿದರೋ ತೆಗಳಿದರೋ ಎಂದು ನಾನು ವಿಚಾರಿಸಲಿಲ್ಲ. ಗುಟ್ಟು ತಿಳಿಯುತ್ತದೆ ಎಂದರೆ ಇನ್ನೂ ನಾಲ್ಕು ಮಾತು ಅನ್ನಿಸಿಕೊಳ್ಳಲು ನಾನು ತಯಾರಿದ್ದೆ.

ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಇಪ್ಪತ್ತು ವರ್ಷ ಬೇರೆಯವರ ಜಗಳಗಳನ್ನು ಟೈಪ್ ಮಾಡಿದ್ದೇನೆ, ಒಂದು ದಿನವೂ ಬೇಸರ ಬಂದಿಲ್ಲ. ಅಂಥ ನನಗೂ ಒಂದು ಪ್ರಶ್ನೆ ಕೇಳಬೇಕೆಂದು ಹೊಳೆಯಲೇ ಇಲ್ಲವಲ್ಲ ಎಂಬ ನಾಚಿಕೆ ಈಗಲೂ ಇದೆ. ಅದನ್ನು ಹೇಳಬೇಕೆಂದರೆ ಮಾವನಿಂದಲೇ ಶುರು ಮಾಡಬೇಕು.

ಮಾವ ನಮ್ಮಮ್ಮನ ತಮ್ಮ. ಇಪ್ಪತ್ತನೆಯ ವಯಸ್ಸಿಗೆ ಪೆನ್ನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಗಿರಾಕಿಗಳೆದುರು ಪೆನ್ನು ತೋರಿಸುತ್ತ ತೋರಿಸುತ್ತ ಅದರ ಮುಚ್ಚಳ ಮಾಯ ಮಾಡಿ ಅವರ ಕಿವಿಯ ಹಿಂದಿನಿಂದ ತೆಗೆಯುತ್ತಿದ್ದರು. ಅಂಗಡಿಗೆ ಜನ ಸೇರಿತು, ಯಾರೂ ಪೆನ್ನು ಕೊಳ್ಳಲಿಲ್ಲ. "ಮಾರಯ್ಯಾ ಅಂದ್ರೆ ಮಾಯ ಮಾಡ್ತೀಯಲ್ಲೋ" ಎಂದು ಯಜಮಾನ ಕೈಮುಗಿದು ಕಳಿಸಿಕೊಟ್ಟ. ಅಲ್ಲಿಂದ ಮಾವ ರಂಗ ಹತ್ತಿದರು. ಶಾಲೆಯ ಸಭಾಂಗಣ, ಕಾರ್ಖಾನೆಯ ಕ್ಯಾಂಟೀನು, ಕ್ಲಬ್ಬು, ಆಮೇಲೆ ದೊಡ್ಡ ಥಿಯೇಟರುಗಳು.

ಜಾದೂಗಾರನ ಕೋಟು ಹೊಲಿಸಲು ಹೋದಲ್ಲಿ ಅತ್ತೆ ಸಿಕ್ಕಳು. ಅವಳು ಆ ದರ್ಜಿ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಅಳತೆ ಚೀಟಿ ನೋಡಿ, "ಒಂದು ಕೋಟಿಗೆ ಹನ್ನೊಂದು ಜೇಬು ಯಾಕ್ರೀ? ಕಳ್ಳರೋ, ಜಾದೂಗಾರರೋ?" ಅಂದಳಂತೆ. "ಇನ್ನೂ ಕಲೀತಿದ್ದೀನಿ, ಯಾವುದು ಚೆನ್ನಾಗಿ ಬರುತ್ತೋ ನೋಡ್ಬೇಕು" ಎಂದರಂತೆ ಮಾವ. ಕೋಟು ತಯಾರಾಗುವ ಹೊತ್ತಿಗೆ ಮದುವೆ ಮಾತು ಮುಗಿದಿತ್ತು.

ಮಾವನ ಕೈಚಳಕ ಚೆನ್ನಾಗಿತ್ತು, ಆದರೆ ಅವರಿಗಿಂತ ಚುರುಕು ಕೈಯವರು ಆ ಕಾಲಕ್ಕೆ ಇನ್ನೂ ಐದಾರು ಮಂದಿ ಇದ್ದರು. ಮಾವನನ್ನು ಜನ ಮತ್ತೆ ಮತ್ತೆ ಕರೆಸಿಕೊಂಡದ್ದು ಮಾತಿಗೆ. ಎಂಥ ಗಂಟುಮೋರೆಯವರನ್ನೂ ನಗಿಸಿಬಿಡುತ್ತಿದ್ದರು. ಅವರ ಕೊನೆಯ ಆಟ ಯಾವಾಗಲೂ ಪೆಟ್ಟಿಗೆ. ಹಳದಿ ಉಡುಪಿನ ಅತ್ತೆ ಆಳೆತ್ತರದ ಪೆಟ್ಟಿಗೆಯೊಳಗೆ ಹೋಗುತ್ತಾಳೆ. ಮಾವ ಬಾಗಿಲು ಮುಚ್ಚಿ, ಪೆಟ್ಟಿಗೆಯನ್ನು ಒಂದು ಸುತ್ತು ತಿರುಗಿಸಿ, ಕೋಲಿನಿಂದ ತಟ್ಟಿ, ಮುಂದಿನ ಬಾಗಿಲು ಹಿಂದಿನ ಬಾಗಿಲು ಎರಡನ್ನೂ ತೆರೆಯುತ್ತಾರೆ. ಒಳಗೆ ಯಾರೂ ಇಲ್ಲ; ಪೆಟ್ಟಿಗೆಯ ಮೂಲಕ ಹಿಂದಿನ ಪರದೆ ಕಾಣುತ್ತದೆ. ಆಮೇಲೆ ಮಾವ ಆ ಖಾಲಿ ಪೆಟ್ಟಿಗೆಗೆ ಮೊಣಕೈ ಊರಿ ನಿಂತು ಮಾತಿಗೆ ಶುರು ಮಾಡುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ಸಾಕೆನಿಸಿದ ಮೇಲೆ ಬಾಗಿಲು ಮುಚ್ಚಿ, ತಟ್ಟಿ, ತೆರೆದರೆ ಅತ್ತೆ ನೀಲಿ ಉಡುಪಿನಲ್ಲಿ ನಿಂತಿರುತ್ತಿದ್ದಳು, ಈಗಷ್ಟೇ ಮನೆಯಿಂದ ಬಂದವಳ ಹಾಗೆ. ರಂಗದ ಮೇಲೆ ಅವಳು ಒಂದು ದಿನವೂ ಬಾಯಿ ತೆರೆದವಳಲ್ಲ. ಇಪ್ಪತ್ತೇಳು ವರ್ಷ ಈ ಆಟ ನಡೆಯಿತು.

ಒಂದು ಸಂಜೆ ಕ್ಲಬ್ಬಿನ ಪ್ರದರ್ಶನದಲ್ಲಿ ಮಾವನ ಬೆರಳುಗಳ ನಡುವೆ ಅಡಗಿಸಿದ ನಾಣ್ಯ ಜಾರಿ ಬಿದ್ದು, ಠಣಠಣ ಉರುಳಿಕೊಂಡು ಮುಂದಿನ ಸಾಲಿಗೆ ಹೋಯಿತು. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಅದನ್ನು ಹೆಕ್ಕಿ, ಪಾಪ, ಎದ್ದು ಬಂದು ಮರ್ಯಾದೆಯಿಂದ ಕೈಗೆ ಕೊಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಮಾವ ಇನ್ನೆರಡು ವರ್ಷ ಆಡುತ್ತಿದ್ದರೋ ಏನೋ. ಕೀಲುಗಳು ಬಿಗಿಯುತ್ತಿವೆ, ಇದು ವಾಸಿಯಾಗುವಂಥದ್ದಲ್ಲ ಎಂದರು ವೈದ್ಯರು. ಕೈ ಕೈಕೊಟ್ಟಿತು, ಇನ್ನು ತಲೆಯಲ್ಲಿರುವುದನ್ನಾದರೂ ಉಳಿಸೋಣ ಎಂದು ಮಾವ ಪುಸ್ತಕ ಬರೆಯಲು ಕೂತರು.

ಮೊದಲ ಪುಸ್ತಕದಲ್ಲಿ ಆದ ಎಡವಟ್ಟು ಜಾದೂಗಾರರ ಜಾತಿಯಲ್ಲೇ ಆಗುವಂಥದ್ದು. ನಾಣ್ಯ, ಇಸ್ಪೀಟು, ದಾರ, ಉಂಗುರದ ನಲವತ್ತು ಆಟಗಳು. ಪುಸ್ತಕ ಹೊರಬಂದ ತಿಂಗಳಲ್ಲಿ ಕಾಗದಗಳ ಸುರಿಮಳೆ. ಯಾರಿಗೂ ಒಂದು ಆಟವೂ ಬರುತ್ತಿಲ್ಲ. ಒಬ್ಬ ಅಂಚೆ ಗುಮಾಸ್ತರು, "ಸ್ವಾಮಿ, ನೀವು ಹೇಳಿದಂತೆಯೇ ಮಾಡಿದೆ, ನಾಣ್ಯವನ್ನು ಸಭೆಯವರಿಗೆ ನಾನೇ ತೋರಿಸಿದ ಹಾಗಾಯಿತು" ಎಂದು ಬರೆದಿದ್ದರು. ಮಾವ ಓದುಗರನ್ನೇ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ನಾನು ಪುಸ್ತಕ ಹಿಡಿದು ಅವರೆದುರೇ ಒಂದು ಆಟ ಮಾಡಲು ಹೋದೆ. ಬಲಗೈಯ ಹೆಬ್ಬೆರಳು ಅನ್ನುವಲ್ಲಿ ಅವರ ಎಡಗೈ ಆಡುವುದನ್ನು ಕಂಡೆ. ಆಗ ತಿಳಿಯಿತು: ಅವರು ನಲವತ್ತು ವರ್ಷ ನಿಲುಗನ್ನಡಿಯ ಎದುರು ಅಭ್ಯಾಸ ಮಾಡಿದವರು. ಕಣ್ಣುಮುಚ್ಚಿದರೆ ಅವರಿಗೆ ಕಾಣುವುದು ಕನ್ನಡಿಯೊಳಗಿನ ಮನುಷ್ಯ. ಅವನನ್ನು ನೋಡಿಕೊಂಡೇ ಪುಸ್ತಕವನ್ನೆಲ್ಲ ಬರೆದಿದ್ದರು. ಎಡಗೈಯೆಲ್ಲ ಬಲಗೈ, ಬಲಗೈಯೆಲ್ಲ ಎಡಗೈ; ಸಭೆಯ ಕಡೆಗೆ ಮೈ ತಿರುಗಿಸಬೇಕಾದ ದಿಕ್ಕು ಮಾತ್ರ ಇದ್ದ ಹಾಗೇ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವತ್ತಿನಿಂದ ಆ ಮನೆಯಲ್ಲಿ ಒಂದು ಕಾನೂನು ಬಂತು. ಮಾವ ಬರೆದ ಪುಟವನ್ನು ನಾನು ಓದಬೇಕು. ಅದರಲ್ಲಿ ಇದ್ದಷ್ಟನ್ನೇ, ಇದ್ದ ಹಾಗೆಯೇ ಮಾಡಬೇಕು. ಅವರು ಪಕ್ಕದಲ್ಲಿ ಕೂತು ತುಟಿ ಪಿಟಕ್ಕೆನ್ನಬಾರದು. ಆಟ ಬಂದರೆ ಪುಟ ಪಾಸು, ಬರದಿದ್ದರೆ ಫೇಲು. ಭಾನುವಾರದ ಬೆಳಗ್ಗೆಗಳೆಲ್ಲ ಹಾಗೆ ಹೋದವು. ಮಾತಿನ ಮಲ್ಲ ಮಾವ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಕಷ್ಟ ನೋಡುವುದೇ ನನಗೊಂದು ಮೋಜು. ಎರಡು ಪುಸ್ತಕ ಹಾಗೆ ಬಂದವು, ಎರಡೂ ಚೆನ್ನಾಗಿ ಹೋದವು. ಎಲ್ಲೆಲ್ಲಿಯದೋ ಜನ, "ನಿಮ್ಮ ಪುಸ್ತಕ ಓದಿ ನನಗೂ ಬಂತು" ಎಂದು ಬರೆದರು. ಆ ಕಾಗದಗಳನ್ನು ಮಾವ ಚಪ್ಪಾಳೆಯ ಸಾಲಿಗೆ ಸೇರಿಸಿಕೊಂಡರು.

ಮೂರು ವರ್ಷದ ಹಿಂದೆ ಪ್ರಕಾಶಕರು ಮನೆಗೆ ಬಂದರು. ಪರೀಕ್ಷೆಯ ಗೈಡು, ಅಡುಗೆ ಪುಸ್ತಕ ಅಚ್ಚು ಹಾಕುವ ಸಣ್ಣ ಮನುಷ್ಯ, ಬಲು ವ್ಯವಹಾರಸ್ಥ. ಮಾವನ ಬದುಕನ್ನೂ ಆಟಗಳನ್ನೂ ಸೇರಿಸಿ ಒಂದು ದೊಡ್ಡ ಪುಸ್ತಕ ಮಾಡೋಣ, ಆದರೆ ಕೊನೆಯ ಅಧ್ಯಾಯ ಪೆಟ್ಟಿಗೆಯೇ ಆಗಿರಬೇಕು ಎಂದರು. "ಅದಿಲ್ದೆ ಈ ಪುಸ್ತಕ ಯಾಕೆ ಬೇಕು ಹೇಳಿ? ಪೆಟ್ಟಿಗೆ ಇದ್ರೆ ಹಾಕೋಣ, ಇಲ್ಲಾಂದ್ರೆ ಬಿಡೋಣ." ಮಾವನಿಗೆ ಆಗ ಅರವತ್ತೆಂಟು. ಬೆರಳುಗಳು ಪೆನ್ನನ್ನೂ ಒಲ್ಲೆ ಎನ್ನುವ ಹಂತಕ್ಕೆ ಬಂದಿದ್ದವು. ಇದೇ ಕೊನೆಯ ಪುಸ್ತಕವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಒಪ್ಪಿಕೊಂಡುಬಿಟ್ಟರು.

ಪೆಟ್ಟಿಗೆಯ ಅಧ್ಯಾಯ ನನ್ನ ಕೈಗೆ ಬಂದ ದಿನ ನನಗೆ ಹಿಡಿಸಲಾರದಷ್ಟು ಕುತೂಹಲ. ಎಂಟು ಪುಟ. ಪೆಟ್ಟಿಗೆಯ ಅಳತೆ, ಬಾಗಿಲುಗಳ ಕೀಲು, ಬೆಳಕು ಎಲ್ಲಿಂದ ಬೀಳಬೇಕು, ನೀಲಿ ಉಡುಪಿನ ಮೇಲೆ ತೊಟ್ಟು ಒಂದೇ ಎಳೆತಕ್ಕೆ ಕಳಚುವ ಹಳದಿ ಉಡುಪು, ಮಾವನ ಮಾತುಗಳು ಒಂದಕ್ಷರ ಬಿಡದೆ. ಗುಟ್ಟು ಇರುವುದು ಪೆಟ್ಟಿಗೆ ನಿಂತಿರುವ ಚಕ್ರದ ಪೀಠದಲ್ಲಿ. ಅಂಚು ಇಳಿಜಾರಾಗಿ ಕೊರೆದು ಕಪ್ಪು ಪಟ್ಟಿ ಬಳಿದಿರುವುದರಿಂದ ಅದು ನಾಲ್ಕು ಬೆರಳು ದಪ್ಪ ಕಾಣುತ್ತದೆ; ನಿಜದಲ್ಲಿ ಒಂದು ಗೇಣಿಗಿಂತ ಚೂರು ಹೆಚ್ಚು. ಮೇಲೊಂದು ಹಲಗೆ, ಎತ್ತಿದರೆ ಏಳುತ್ತದೆ. ಇಷ್ಟಾದ ಮೇಲೆ ಒಂದೇ ಸಾಲು: "ಸಹಾಯಕಿಯು ಪೀಠದೊಳಗೆ ಅಡಗಿಕೊಳ್ಳಬೇಕು."

"ಹೇಗೆ?" ಎಂದೆ.

"ಹೇಗೆ ಅಂದ್ರೆ?"

"ಹೇಗೆ ಅಡಗಿಕೊಳ್ಬೇಕು? ತಲೆ ಮೊದ್ಲೋ, ಕಾಲು ಮೊದ್ಲೋ? ಎಷ್ಟು ಹೊತ್ತಲ್ಲಿ?"

ಮಾವ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಹೋಗ್ತಾಳೆ ಕಣೇ. ನಾನು ಬಾಗಿಲು ಮುಚ್ಚಿ ಒಂದು ಸುತ್ತು ತಿರುಗಿಸೋಷ್ಟರಲ್ಲಿ ಹೋಗಿರ್ತಾಳೆ."

ಆರು ಸೆಕೆಂಡು. ಇಪ್ಪತ್ತೇಳು ವರ್ಷ ಅದೇ ಆಟ ಆಡಿದ ಜಾದೂಗಾರನಿಗೆ ತನ್ನ ಆಟದ ಆ ಆರು ಸೆಕೆಂಡು ಗೊತ್ತಿರಲಿಲ್ಲ! ಅವರು ನಿಂತದ್ದು ಹೊರಗೆ. ಪೆಟ್ಟಿಗೆಯನ್ನು ಒಬ್ಬ ಹಳೆಯ ಜಾದೂಗಾರರಿಂದ ಕೊಂಡು ತಂದ ದಿನ, "ಇದರೊಳಗೆ ಹೋಗೋಕೆ ಆಗುತ್ತಾ ನೋಡು" ಎಂದು ಅತ್ತೆಗೆ ಹೇಳಿ ಅವರು ಮಾತು ಬರೆಯಲು ಕೂತರಂತೆ. ಒಂದು ವಾರದ ಮೇಲೆ ಅತ್ತೆ ಬಂದು "ಆಗುತ್ತೆ" ಎಂದಳಂತೆ. ಅಲ್ಲಿಗೆ ಮುಗಿಯಿತು.

"ಪುಟ ಫೇಲು" ಎಂದೆ ನಾನು.

ಅತ್ತೆಯನ್ನು ಕೇಳಿದೆವು. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ "ಅದೆಲ್ಲ ಹೇಳೋಕಾಗಲ್ಲ" ಎಂದಳು. ತಮಾಷೆ ಎಂದುಕೊಂಡೆವು. ಮಾರನೆಯ ವಾರವೂ ಅದೇ ಉತ್ತರ. ಮಾವ ನಗಿಸಿ ನೋಡಿದರು, ರಮಿಸಿ ನೋಡಿದರು, ಪುಸ್ತಕ ನಿಂತೇ ಹೋಗುತ್ತದೆ ಎಂದು ಹೆದರಿಸಿ ನೋಡಿದರು. ಗೋಡೆಗೆ ಹೇಳಿದ ಹಾಗಾಯಿತು. ನಾನು ನನ್ನದೇ ರೀತಿಯಲ್ಲಿ ಪ್ರಯತ್ನಪಟ್ಟೆ. ಕೋಣೆಯ ಮೂಲೆಯಲ್ಲಿದ್ದ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ, ಟೇಪು ಹಿಡಿದು ಅಳೆದು, ಪೀಠದೊಳಗೆ ನುಗ್ಗಲು ನೋಡಿದೆ. ನನ್ನ ಒಂದು ಕಾಲು ಮತ್ತು ಅರ್ಧ ಸೊಂಟ ಹೋಯಿತು. ಮಿಕ್ಕಿದ್ದನ್ನು ಎಲ್ಲಿಡುವುದು ಎಂದು ತಿಳಿಯದೆ ಅಲ್ಲೇ ಸಿಕ್ಕಿಹಾಕಿಕೊಂಡೆ. ಅತ್ತೆಯೇ ಬಂದು ಎಳೆದು ತೆಗೆದಳು.

"ನಿನಗ್ಯಾಕೆ ಬೇಕಿತ್ತೇ ಇದು?"

"ಅತ್ತೆ, ಹೇಳಿಬಿಡಬಾರ್ದಾ? ಮಾವನ ಪುಸ್ತಕ ನಿಂತುಹೋಗುತ್ತೆ."

ಅವಳು ನನ್ನ ಮೊಣಕಾಲಿನ ಧೂಳು ಒರೆಸುತ್ತ ಹೇಳಿದಳು: "ಲೋಕದಲ್ಲಿರೋ ಎಲ್ಲಾ ಜಾದೂಗಾರರ ಗುಟ್ಟೂ ಅವರಿಗೆ ಬೇಕು. ಯಾರೋ ಎಲ್ಲೋ ಹೊಸ ಆಟ ಮಾಡಿದ್ರು ಅಂದ್ರೆ ಊಟ ನಿದ್ದೆ ಬಿಟ್ಟು ಅದು ಹೇಗೆ ಅಂತ ಕೂತು ಯೋಚಿಸ್ತಾರೆ. ನಾನು ಹೇಗೆ ಹೋಗ್ತೀನಿ ಅಂತ ಇಪ್ಪತ್ತೇಳು ವರ್ಷದಲ್ಲಿ ಒಂದಿನ ಕೇಳಿದ್ದಾರಾ? ಈಗ ಪುಸ್ತಕಕ್ಕೆ ಬೇಕಾಯ್ತು. ಎಂಟು ಪುಟ ಅವರದು, ಒಂದು ಸಾಲು ನಂದು. ಅದಕ್ಕೂ 'ಸಹಾಯಕಿ' ಅಂತ ಹೆಸರು. ನನ್ನ ಹತ್ರ ಇರೋದು ಅದೊಂದೇ ಕಣೇ. ಅದನ್ನೂ ಕೊಟ್ಟುಬಿಟ್ರೆ ಆ ಇಪ್ಪತ್ತೇಳು ವರ್ಷ ನಾನು ಎಲ್ಲಿದ್ದೆ ಅಂತ ಯಾರನ್ನ ಕೇಳ್ಲಿ?"

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಮಗುವಾಗಿದ್ದಾಗಿಂದ ಆ ಆಟ ನೋಡಿದ್ದೆ. ಪ್ರತಿ ಸಲವೂ ಓಡಿಹೋಗಿ ಕೇಳಿದ್ದು ಮಾವನನ್ನು: "ಹೇಗೆ ಮಾಡಿದ್ರಿ ಮಾವ?" ಮೂಗು ತೂರಿಸುವವಳಂತೆ ನಾನು! ತೂರಿಸಬೇಕಾದ ಕಡೆ ತೂರಿಸಿರಲಿಲ್ಲ.

ಅವಳ ಮಾತನ್ನು ಮಾವನಿಗೆ ಒಪ್ಪಿಸಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಮಾವ ಎಂಟು ಪುಟವನ್ನೂ ತೆಗೆದು, ಆ ಒಂದು ಸಾಲನ್ನು ಹುಡುಕಿ ಮತ್ತೆ ಓದಿದರು.

ಮುಂದಿನ ಭಾನುವಾರ ಬೆಳಗ್ಗೆ ಹೋದಾಗ ಮಾವ ಅತ್ತೆಯ ಹೊಲಿಗೆ ಯಂತ್ರದ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದರು. "ಪ್ರಕಾಶಕರಿಗೆ ಬೇಡ ಅಂತ ಕಾಗದ ಹಾಕಿಬಿಟ್ಟೆ" ಎಂದರು ಅವಳಿಗೆ. "ಪುಸ್ತಕ ಹಾಳಾಗಿಹೋಗ್ಲಿ. ನೀನು ಹೇಗೆ ಹೋಗ್ತಿದ್ದೆ ಅಂತ ನಂಗೆ ಗೊತ್ತಾಗ್ಬೇಕು. ಕೇಳದೇ ಇದ್ದದ್ದು ನನ್ನ ತಪ್ಪು."

ಅತ್ತೆ ಯಂತ್ರ ನಿಲ್ಲಿಸಿದಳು. ಅವರ ಮುಖವನ್ನೇ ನೋಡಿದಳು, ಇದೂ ಯಾವುದಾದರೂ ಆಟವೇ ಎಂದು ಹುಡುಕುವವಳ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ಟೈಪ್ ಮೆಷಿನ್ನಿಗೆ ಹಾಳೆ ಹಾಕು" ಎಂದಳು.

ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಹದಿನಾಲ್ಕು ಹೆಜ್ಜೆ. ಮಾವನ ಪುಸ್ತಕಗಳಲ್ಲಿ ಅಷ್ಟು ಖಚಿತವಾಗಿ ಬರೆದ ಒಂದು ಪುಟವೂ ಇಲ್ಲ. ಬಾಗಿಲು ಮುಚ್ಚಿದ ಸದ್ದಿಗೆ ಎಡ ಮಂಡಿ ಊರಬೇಕು. ಎಡ ಭುಜ ಮೊದಲು ಹೋಗಬೇಕು, ತಲೆ ಆಮೇಲೆ. ಉಸಿರು ಎಳೆದುಕೊಳ್ಳಬಾರದು, ಪೂರ್ತಿ ಬಿಡಬೇಕು. ಎಳೆದುಕೊಂಡರೆ ಎದೆ ಹಿಡಿಸುವುದಿಲ್ಲ. ಒಂಬತ್ತನೆಯ ಹೆಜ್ಜೆ: ಬಲಗೈ ಮೈಯಡಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಹೋಗಬಾರದು, ಮರಗಟ್ಟಿದರೆ ಮರಗಟ್ಟಲಿ. ಹತ್ತು: ಹಲಗೆ ಮುಚ್ಚಿದ ಮೇಲೆ ಎದೆ ಮೇಲೇಳಲು ಜಾಗವಿಲ್ಲ, ಮೂಗಿನ ತುದಿಯಲ್ಲಷ್ಟೇ ಉಸಿರಾಡಬೇಕು. ಹನ್ನೊಂದು: ಹೊರಗಿನವರ ಮಾತು ಕೇಳುತ್ತಿರಬೇಕು. ಹನ್ನೆರಡು: ನಗು ಬಂದರೆ ನಗಬಾರದು.

"ನಗು ಬರ್ತಿತ್ತಾ ಅತ್ತೆ?"

"ಬರ್ದೇ ಏನು? ಚೆನ್ನಾಗೇ ಮಾತಾಡ್ತಿದ್ರಲ್ಲ."

ಮಾವ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

ಹಾಳೆ ಮುಗಿಯಿತು. ಕಾನೂನಿನ ಪ್ರಕಾರ ಇನ್ನು ಪರೀಕ್ಷೆಯಾಗಬೇಕು. ನನ್ನ ಕೈಲಿ ಆಗದೆಂಬುದು ಆಗಲೇ ಸಾಬೀತಾಗಿತ್ತು. ಅತ್ತೆಗೆ ಈಗ ವಯಸ್ಸಿಗೆ ತಕ್ಕ ಮೈ ಬಂದಿದೆ. ಮಾವ ಮಾತ್ರ ಮೊದಲಿನಿಂದಲೂ ಒಣಕಲು ಕಡ್ಡಿ. "ನಾನು ಹೋಗ್ತೀನಿ" ಎಂದು ಅಂಗಿ ತೋಳು ಮಡಚಿದರು. ನಾನು ಬೇಡವೆಂದೆ, ಕೀಲು ನೋವಿನ ಮನುಷ್ಯ ಎಂದೆ. ಅತ್ತೆ ಬೇಡವೆನ್ನಲಿಲ್ಲ.

ಆರು ಸೆಕೆಂಡಿನ ಕೆಲಸಕ್ಕೆ ಮಾವನಿಗೆ ಕಾಲು ಗಂಟೆ ಹಿಡಿಯಿತು. ನಾನು ಒಂದೊಂದೇ ಹೆಜ್ಜೆ ಓದಿದೆ, ಅವರು ಒಂದೊಂದೇ ಅಂಗ ಒಳಗಿಟ್ಟರು. ಎಡ ಭುಜ, ತಲೆ, ಸೊಂಟ, ಮಡಿಸಿದ ಮಂಡಿ. ಎಲ್ಲ ಹಿಡಿಸಿತು. ಪುಟದಲ್ಲಿ ಒಂದು ತಪ್ಪೂ ಇರಲಿಲ್ಲ. ಅತ್ತೆ ಹಲಗೆ ಇಳಿಸಿದಳು. ಪೆಟ್ಟಿಗೆಯ ಎರಡೂ ಬಾಗಿಲು ತೆರೆದಳು. ಆಚೆಗಿನ ಕಿಟಕಿಯ ಬಿಸಿಲು ನನಗೆ ನೇರವಾಗಿ ಕಂಡಿತು. ಗುಟ್ಟೆಲ್ಲ ಗೊತ್ತಿದ್ದೂ ಒಂದು ಕ್ಷಣ ಮಾವ ಎಲ್ಲಿ ಹೋದರು ಎನಿಸಿತು.

"ಗಡಿಯಾರ ನೋಡ್ಕೋ" ಎಂದಳು. ಆಮೇಲೆ ಮೊಣಕೈಯನ್ನು ಪೆಟ್ಟಿಗೆಗೆ ಊರಿ ನಿಂತು, ಗಂಟಲು ಸರಿಮಾಡಿಕೊಂಡು, ಶುರು ಮಾಡಿದಳು.

"ನೋಡಿ ಸ್ವಾಮಿ, ಹೆಂಡ್ತಿ ಕಾಣಿಸ್ದೇ ಹೋದ್ರೆ ತಕ್ಷಣ ಪೊಲೀಸಿಗೆ ಹೇಳ್ಬೇಕು ಅಂತಾರೆ ದೊಡ್ಡೋರು. ಹೇಳೋಣಂತೆ, ಅವಸರ ಏನು? ಮೊದ್ಲು ಒಂದು ನಿದ್ದೆ ತೆಗೀತೀನಿ... ಪೆಟ್ಟಿಗೆ ಬಾಡಿಗೆಗೆ ಕೊಡ್ತೀರಾ ಅಂತ ಮುಂದಿನ ಸಾಲಿನ ಯಜಮಾನ್ರು ಕೇಳ್ತಿದ್ದಾರೆ. ಅಯ್ಯೋ ಸ್ವಾಮಿ, ಮನೆಯವ್ರು ಪಕ್ಕದಲ್ಲೇ ಕೂತಿದ್ದಾರೆ, ಮೆಲ್ಲಗೆ ಕೇಳ್ಬಾರ್ದಾ..."

ಮಾವನ ಮಾತು, ಮಾವನ ನಿಲುಗಡೆ, ಮಾವನ ಸುಳ್ಳು ಕೆಮ್ಮು ಸಮೇತ. ಒಂದು ಅಕ್ಷರ ಆಚೀಚೆಯಿಲ್ಲ. ನನಗೆ ತಡೆಯಲಾರದ ನಗು ಬಂತು. ರಂಗದ ಮೇಲೆ ಬಾಯಿಬಿಡದ ನಮ್ಮತ್ತೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಒಬ್ಬಳೇ ಪ್ರೇಕ್ಷಕಿಯ ಎದುರು ಅಬ್ಬರಿಸುತ್ತಿದ್ದಳು.

ಕೆಳಗಿನಿಂದ ಟಕ್ ಎಂದಿತು. ಮತ್ತೆ ಟಕ್ ಟಕ್. ಅತ್ತೆ ಅರ್ಧ ಜೋಕಿಗೇ ನಿಲ್ಲಿಸಿ ಹಲಗೆ ಎತ್ತಿದಳು. ಇಬ್ಬರೂ ಸೇರಿ ಮಾವನನ್ನು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದೆವು. ಅವರ ಮುಖ ಕೆಂಪಾಗಿತ್ತು, ಬಲಗೈ ಜೋತುಬಿದ್ದಿತ್ತು. ಅತ್ತೆ ಅದನ್ನು ಎತ್ತಿ ತಿಕ್ಕತೊಡಗಿದಳು, ಎಲ್ಲಿ ತಿಕ್ಕಬೇಕೆಂದು ಅವಳಿಗೆ ಗೊತ್ತಿತ್ತು.

"ಎಷ್ಟಾಯ್ತು?" ಎಂದರು ಮಾವ, ಉಸಿರು ಸಿಕ್ಕಿದ ಮೇಲೆ.

"ಒಂದು ನಿಮಿಷ ಹತ್ತು ಸೆಕೆಂಡು" ಎಂದೆ.

"ನಾನು ಎಷ್ಟು ಹೊತ್ತು ಮಾತಾಡ್ತಿದ್ದೆ?"

"ಮೂರು ನಿಮಿಷ" ಎಂದಳು ಅತ್ತೆ. "ಜನ ಚೆನ್ನಾಗಿ ನಗ್ತಿದ್ರೆ ನಾಕು, ನಾಕೂವರೆ. ಆ ಬಂದರಿನ ಊರಿನ ಥಿಯೇಟರ್ ಜ್ಞಾಪಕ ಇದೆಯಾ? ಜನ ಎದ್ದು ನಿಂತು ಇನ್ನೊಂದು ಇನ್ನೊಂದು ಅಂತ ಕೂಗಿದ್ರು. ಅವತ್ತು ಏಳು."

ಮಾವನಿಗೆ ಜ್ಞಾಪಕವಿತ್ತು. ಅವರ ಬದುಕಿನ ಅತಿ ಸುಖದ ಸಂಜೆ ಅದು ಎಂದು ನಮಗೆಲ್ಲ ಗೊತ್ತು; ಹೊಸ ಪುಸ್ತಕ ಅದರಿಂದಲೇ ಶುರುವಾಗಬೇಕಿತ್ತು. ಅವರ ಕಣ್ಣು ತುಂಬಿ ಬಂತು.

"ಯಾಕೆ ಹೇಳ್ಲಿಲ್ಲ? ಒಂದು ಸಲ ತಟ್ಟಿದ್ರೆ ನಿಲ್ಲಿಸ್ತಿದ್ನಲ್ಲೇ."

"ತಟ್ಟಿದ್ರೆ ಮಾರನೇ ದಿನದಿಂದ ನಿಮಗೆ ಮಾತೇ ಬರ್ತಿರ್ಲಿಲ್ಲ. ಒಳಗೊಬ್ಳು ಒದ್ದಾಡ್ತಿದ್ದಾಳೆ ಅಂತ ಗೊತ್ತಿದ್ದು ಯಾವ ಗಂಡಸು ಜನರನ್ನ ನಗಿಸ್ತಾನೆ?"

ಮಾವ ಹಾಳೆಯನ್ನು ಎಡಗೈಯಲ್ಲೇ ಎಳೆದುಕೊಂಡು, ತಲೆಬರಹದ ಕೆಳಗೆ ಸೊಟ್ಟಸೊಟ್ಟ ಅಕ್ಷರದಲ್ಲಿ ಏನೋ ಬರೆಯತೊಡಗಿದರು. ನಾನು ಬಗ್ಗಿ ಓದಿದೆ. ಈ ಆಟವನ್ನು ಯಾರೂ ಆಡಬಾರದು, ಒಳಗಿರುವ ಹೆಣ್ಣುಜೀವ ಪಡುವ ಯಾತನೆ ಹೊರಗಿನ ಪಾಪಿಗೆ ತಿಳಿಯುವುದಿಲ್ಲ, ಹಾಗೆ ಏನೇನೋ. ಅತ್ತೆ ಒಂದು ಸಾಲು ಓದಿದವಳೇ ಅವರ ಕೈಯಿಂದ ಪೆನ್ನು ಕಿತ್ತುಕೊಂಡಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಪಾಪ ಗೀಪ ಅಂತ ಬರೆದ್ರೆ ಈ ಹಾಳೆ ಒಲೆಗೆ ಹಾಕ್ತೀನಿ" ಎಂದಳು. ಆ ಸಾಲುಗಳನ್ನು ಉದ್ದಕ್ಕೂ ಹೊಡೆದುಹಾಕಿ ಪೆನ್ನನ್ನು ಮತ್ತೆ ಅವರ ಬೆರಳುಗಳ ನಡುವೆ ಸಿಕ್ಕಿಸಿದಳು. "ಏಳು ನಿಮಿಷ ಒಳಗಿದ್ಲು ಅಂತ ಬರೀರಿ. ಹೊರಗೆ ನಿಂತಿದ್ದ ಜಾದೂಗಾರನಿಗೂ ಗೊತ್ತಾಗ್ಲಿಲ್ಲ ಅಂತ ಬರೀರಿ. ಅದಕ್ಕಿಂತ ದೊಡ್ಡ ಜಾದೂ ನಿಮ್ಮ ಪುಸ್ತಕದಲ್ಲಿ ಇನ್ಯಾವುದಿದೆ?"